‘ಅದೂ ಲೆಕ್ಕಕ್ಕೆ ಬರುತ್ತಾ?’

ಇಂಥ ಪ್ರಕರಣ ನನಗೆ ಇದೇ ಮೊದಲಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. 30ರ ಆಸುಪಾಸಿನ ಮಹಿಳೆ, ಏಳು ವರ್ಷದಿಂದ ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ.

ಮೂರನೇ ಭೇಟಿಯಲ್ಲಿ ಮಾತು ಎಲ್ಲೆಲ್ಲೋ ಸುತ್ತಿ ಮಾತ್ರೆಗೆ ಬಂತು. ಹೊಟ್ಟೆ ಕೆಡುವ ಸೂಚನೆ ಕಂಡರೆ ಸಾಕು, ಮುಂದೆ ಪ್ರಯಾಣವೋ ಸಮಾರಂಭವೋ ಇದ್ದರಂತೂ ಕೇಳುವುದೇ ಬೇಡ, ಹಳೇ ಚೀಟಿ ತೋರಿಸಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಂದು ಎರಡು ಮೂರು ವಾರ ನುಂಗುತ್ತಿದ್ದರಂತೆ. ಆ ದಿನವೂ ಒಂದು ಸುತ್ತು ನಡೆಯುತ್ತಿತ್ತು. ಡಾಕ್ಟರಿಗೆ ಹೇಳಿದ್ದೀರಾ ಎಂದೆ.

“ಬೈತಾರೆ ಮೇಡಂ. ಸ್ವಲ್ಪ ದಿನ ತಾನೇ, ಅದೂ ಲೆಕ್ಕಕ್ಕೆ ಬರುತ್ತಾ?”

ಇಬ್ಬರೂ ಕ್ಯಾಲೆಂಡರ್ ಹಿಡಿದು ಕೂತೆವು. ಒಂದೇ ವರ್ಷದಲ್ಲಿ ಆರು ಸಲ. ಕೂಡಿಸಿದರೆ ಮೂರು ತಿಂಗಳು ದಾಟಿತು. ಡಾಕ್ಟರ ಫೈಲಿನಲ್ಲಿ ಇದ್ದದ್ದು ವರ್ಷಗಳ ಹಿಂದಿನ ಒಂದೇ ಕೋರ್ಸ್. ಮೂಳೆ ಸ್ಕ್ಯಾನ್ ಮಾಡಿಸಿ ಎಂದು ಯಾರೂ ಯಾಕೆ ಹೇಳಲಿಲ್ಲ ಎನ್ನುವುದು ಆಗ ಹೊಳೆಯಿತು. ಸ್ಟೀರಾಯ್ಡ್ ಹೊಸ ಮೂಳೆ ಕಟ್ಟುವುದನ್ನು ತಗ್ಗಿಸುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದನ್ನೂ ಕಮ್ಮಿ ಮಾಡುತ್ತದೆ. ಸವೆತ ಜೋರಾಗಿರುವುದು ಶುರುವಿನ 3ರಿಂದ 6 ತಿಂಗಳಲ್ಲೇ. ಮೇಲಾಗಿ ಇವರು ಹೊಟ್ಟೆಗೆ ಆಗುವುದಿಲ್ಲ ಎಂದು ಹಾಲನ್ನೂ ಬಿಟ್ಟಿದ್ದರು. ಸವೆದ ಮೂಳೆ ಮುರಿಯುವ ತನಕ ನೋಯುವುದೂ ಇಲ್ಲ, ತೊಂದರೆ ಇರುವುದೇ ಅಲ್ಲಿ.

ಇಷ್ಟು ಕೇಳಿದ್ದೇ ತಡ, “ಇವತ್ತೇ ಬಿಟ್ಟುಬಿಡ್ತೀನಿ” ಎಂದರು. ನನಗೆ ನಿಜಕ್ಕೂ ಭಯವಾದದ್ದು ಆಗ. ವಾರಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್ ದಿಢೀರನೆ ನಿಲ್ಲಿಸಿದರೆ, ದೇಹ ತನ್ನದೇ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸೋಲ್ ಮಾಡಲಾಗದೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಜೊತೆಗೆ ಕರುಳಿನ ಉರಿಯೂತವನ್ನು ಹಾಗೇ ಬಿಟ್ಟರೆ ಅದೂ ಮೂಳೆ ತಿನ್ನುತ್ತದೆ. ಬಿಡಬೇಡಿ, ನಾಳೆಯೇ ಹೋಗಿ ಹೇಳಿ, ಹೇಗೆ ಇಳಿಸಬೇಕು ಎಂದು ಅವರೇ ಹೇಳಲಿ ಎಂದೆ. ಬಾಯಲ್ಲಿ ಹೇಳಲಾಗದಿದ್ದರೆ ತಾರೀಖು ಬರೆದ ಆ ಹಾಳೆಯನ್ನೇ ಕೊಡಿ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಪರೀಕ್ಷೆ ಬೇಕಾ ಅಂತ ಕೇಳಿ ಎಂದೆ.

ಆಪ್ತಸಲಹೆಗಾರ್ತಿಗೆ ಸ್ಟೀರಾಯ್ಡಿನ ಉಸಾಬರಿ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದರು. ಡೋಸ್ ಹೇಳಿದ್ದರೆ ತಪ್ಪೇ, ಒಪ್ಪುತ್ತೇನೆ. ಆದರೆ ಇಲ್ಲಿ ಮುಚ್ಚಿಟ್ಟದ್ದು ಮಾತ್ರೆಯನ್ನಲ್ಲ, ನಾಚಿಕೆಯನ್ನು. ಅದು ನನ್ನ ಕೆಲಸವೇ ಅಲ್ವಾ? ಬೈಗುಳಕ್ಕೆ ಹೆದರಿ ಅರ್ಧ ಸತ್ಯ ಹೇಳುವವರನ್ನು ಎಷ್ಟು ಜನ ನೋಡಿಲ್ಲ ನಾನು!

ಮೂರು ದಿನ ತಡಮಾಡಿ ಹೋದರು, ಅಷ್ಟರಲ್ಲಿ ಮಾತ್ರೆ ಬಿಟ್ಟಿರಲಿಲ್ಲ. ಸ್ಕ್ಯಾನಿನಲ್ಲಿ ಸೊಂಟದ ಮೂಳೆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ತೆಳು. ಸ್ಟೀರಾಯ್ಡ್ ನಿಧಾನಕ್ಕೆ ಇಳಿಸಿ ಬೇರೆ ಔಷಧಿಗೆ ಬದಲಾಯಿಸಿದ್ದಾರೆ.

ಬೈದರಾ ಎಂದು ಕೇಳಿದೆ.

“ಬೈದ್ರು ಮೇಡಂ. ಆಮೇಲೆ ಆ ಹಾಳೆ ಫೈಲಿಗೆ ಪಿನ್ ಮಾಡ್ಕೊಂಡ್ರು.”