ನಿಮ್ಮ ಮರೀ ಕಾಫಿ ಕುಡಿದದ್ದು ಹೇಗೆ?

ನಮಸ್ಕಾರ. ಫ್ರೆಂಚ್ ಭೂತಕಾಲವನ್ನು ಕನ್ನಡಿಗರಿಗೆ ಹೇಳಿಕೊಡುವ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದು ಒಳ್ಳೆಯದಾಯಿತು. ನಾನೂ ಹಾಗೇ ಬರೆಯುತ್ತೇನೆ: ‘ಎತ್ರ್’ (ಇರು) ಕ್ರಿಯಾಪದದ ರೂಪಕ್ಕೆ ಎ, ‘ಆವ್ವಾರ್’ನ (ಹೊಂದಿರು) ರೂಪಕ್ಕೆ ಆ, ‘ಮತ್ತು’ ಎನ್ನುವುದಕ್ಕೆ ಏ. ಎತ್ರ್, ಆವ್ವಾರ್ ಎರಡೂ ಈ ಭೂತಕಾಲ ಕಟ್ಟುವ ಸಹಾಯಕ ಕ್ರಿಯಾಪದಗಳು.

ಹೊಗಳಿಕೆ ಇಷ್ಟು ಸಾಕು. ಒಂದು ಸಾಲು ಓದಿ ನನಗೆ ನಿಜಕ್ಕೂ ರೇಗಿತು. “ಸಹಾಯಕ ಕ್ರಿಯಾಪದವನ್ನು ಮೊದಲು ಒಂದು ಸಲ ಹೇಳಿದರೆ ಸಾಕು, ನಮ್ಮ ‘ಎದ್ದು, ಕುಡಿದು, ಹೊರಟಳು’ ಇದ್ದ ಹಾಗೆ” ಅಂತ ಬರೆದು, ಕೆಳಗೆ ಈ ಉದಾಹರಣೆ ಕೊಟ್ಟಿದ್ದೀರಿ:

ಮರೀ ಸೆ ಲವೇ, ಬ್ಯೂ ಅಂ ಕಾಫೇ ಏ ಸೋರ್ತಿ.

ಮರೀ ಎದ್ದಳು, ಕಾಫಿ ಕುಡಿದಳು, ಹೊರಗೆ ಹೋದಳು ಅಂತ ನಿಮ್ಮ ಉದ್ದೇಶ. ಒಂದೊಂದೇ ತುಂಡು ನೋಡೋಣ.

‘ಸೆ ಲವೇ’ ಸರಿ. ಏಳುವುದು ‘ಸ’ (ತನ್ನನ್ನು) ಹತ್ತಿಸಿಕೊಂಡ ಕ್ರಿಯಾಪದ, ಅದಕ್ಕೆ ಎತ್ರ್ ಬೇಕು. ‘ಸೆ’ಯಲ್ಲಿ ಎ ಅಡಗಿದೆ.

‘ಬ್ಯೂ’ ತಪ್ಪು. ಕುಡಿಯುವುದಕ್ಕೆ ಆವ್ವಾರ್ ಬೇಕು. ಹಿಂದೆ ಇರುವುದು ಎತ್ರ್. ಅದನ್ನು ಎರವಲು ಪಡೆಯುವ ಹಾಗಿಲ್ಲ. ‘ಆ ಬ್ಯೂ’ ಆಗಬೇಕು.

‘ಸೋರ್ತಿ’ಗೆ ಎತ್ರ್ ಬೇಕು, ಅದು ಮೊದಲೇ ಬಂದಿದೆಯಲ್ಲ ಅಂತೀರಾ? ನಡುವೆ ‘ಆ ಬ್ಯೂ’ ಬಂದ ಮೇಲೆ ಅದನ್ನು ಹಾರಿ ಹಿಂದಕ್ಕೆ ಕೈ ಚಾಚಲು ಆಗುವುದಿಲ್ಲ. ಕಾಫಿ ತೆಗೆದುಹಾಕಿದರೂ ‘ಸೆ ಲವೇ ಏ ಸೋರ್ತಿ’ ನಿಲ್ಲುವುದಿಲ್ಲ. ಲವೇಗೆ ‘ಸ’ ಬೇಕು, ಸೋರ್ತಿಗೆ ಬೇಡ.

ಸರಿಯಾದ ವಾಕ್ಯ: ಮರೀ ಸೆ ಲವೇ, ಆ ಬ್ಯೂ ಅಂ ಕಾಫೇ ಏ ಎ ಸೋರ್ತಿ. ‘ಏ ಎ’ ಕಿವಿಗೆ ಚುಚ್ಚಿದರೆ ‘ಪ್ಯುಯಿ ಎ ಸೋರ್ತಿ’ ಅನ್ನಿ, ‘ಆಮೇಲೆ’ ಅಂತ ಅರ್ಥ. ಮರೀ ಎಂಬ ಹೆಸರನ್ನು ಮತ್ತೆ ಹೇಳಬೇಕಿಲ್ಲ. ಬಿಡಬಹುದಾದದ್ದು ಕರ್ತೃ, ನೀವು ಬಿಟ್ಟದ್ದು ಸಹಾಯಕ.

ಕನ್ನಡದ ಹೋಲಿಕೆಯೇ ನಿಮ್ಮ ದಾರಿ ತಪ್ಪಿಸಿದೆ. ನಮ್ಮಲ್ಲಿ ಕಾಲ, ಲಿಂಗ ಎಲ್ಲವನ್ನೂ ಕೊನೆಯ ಕ್ರಿಯಾಪದ ಹೊರುತ್ತದೆ. ಫ್ರೆಂಚ್‌ನಲ್ಲಿ ಸಹಾಯಕ ಮುಂದೆ ಇರುತ್ತದೆ. ಇನ್ನೊಂದು ವಿಷಯ, ನಮಗೆ ‘ಇರು’ ಒಂದೇ ಸಾಕು: ಬಂದಿದ್ದಾಳೆ, ತಿಂದಿದ್ದಾಳೆ. ಅವರಿಗೆ ಎರಡು ಗುಂಪು. ಹೋಗು, ಬಾ, ಹುಟ್ಟು, ಸಾಯು, ಬೀಳು ಇಂಥ ಕೆಲವಕ್ಕೆ ಮತ್ತು ‘ಸ’ ಇರುವ ಎಲ್ಲಕ್ಕೂ ಎತ್ರ್, ಉಳಿದವಕ್ಕೆ ಆವ್ವಾರ್. ಎರಡೂ ಒಂದೇ ಗುಂಪಿನವಾದರೆ ಮಾತ್ರ ಹಂಚಿಕೊಳ್ಳಬಹುದು: ಎಲ್ ಆ ಶಾಂತೇ ಏ ದಾಂಸೇ. ಹಾಡಿದಳು, ಕುಣಿದಳು.

ನಾನು ಅನುವಾದ ಕಲಿಯುತ್ತಿದ್ದಾಗ ನಮ್ಮ ಮೇಷ್ಟ್ರು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಪ್ರತಿ ಕೃದಂತದಿಂದ (ಲವೇ, ಬ್ಯೂ, ಸೋರ್ತಿ ಇಂಥ ರೂಪ) ಅದರ ಸಹಾಯಕದವರೆಗೆ ಗೆರೆ ಎಳೆಸುತ್ತಿದ್ದರು. “ಕೇಳ್ರೀ ಅದನ್ನ, ನೀನು ಯಾರ ಮನೆಯವನು ಅಂತ” ಅನ್ನುತ್ತಿದ್ದರು. ಗೆರೆ ಇನ್ನೊಂದು ಗೆರೆಯನ್ನು ದಾಟಿದರೆ ಮುಖ ಗಂಟಿಕ್ಕುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿ ಅನಿಸುತ್ತಿತ್ತು. ಆ ಗೆರೆಗಳನ್ನು ನಾನು ಇವತ್ತಿಗೂ ಎಳೆಯುತ್ತೇನೆ. ನಿಮ್ಮ ಹಾಳೆಯ ಮೇಲೂ ಎಳೆದಿದ್ದೇನೆ, ಕ್ಷಮಿಸಿ.

ನೀವು ಒಂದು ಕಡೆ ‘ಇಲ್ ಮಾ ವ್ಯೂ ಏ ಪಾರ್ಲೇ’ ಅಂತಲೂ ಬರೆದಿದ್ದೀರಿ. ಅವನು ನನ್ನನ್ನು ನೋಡಿದ, ನನ್ನ ಜೊತೆ ಮಾತಾಡಿದ. ಇಲ್ಲಿ ಎರಡಕ್ಕೂ ಆವ್ವಾರೇ, ಆದರೂ ಸರಿಯಿಲ್ಲ. ‘ಮಾ’ ಅಂದರೆ ‘ಮ’ ಮತ್ತು ‘ಆ’ ಕೂಡಿದ್ದು. ವ್ಯೂಗೆ ಬೇಕಾದ ‘ಮ’ ಅಂದರೆ ನನ್ನನ್ನು, ಪಾರ್ಲೇಗೆ ಬೇಕಾದದ್ದು ನನಗೆ. ರೂಪ ಒಂದೇ, ಕೆಲಸ ಬೇರೆ. ‘ಇಲ್ ಮಾ ವ್ಯೂ ಏ ಮಾ ಪಾರ್ಲೇ’ ಅನ್ನಬೇಕು. ‘ಜ ಲೆ ಲ್ಯೂ ಏ ರಲ್ಯೂ’, ಓದಿದೆ, ಮತ್ತೆ ಓದಿದೆ ಅನ್ನುವಾಗ ಆ ತೊಂದರೆ ಇಲ್ಲ, ಎರಡು ಸಲವೂ ‘ಅದನ್ನು’.

ಸಹಾಯಕವನ್ನು ಮತ್ತೆ ಮತ್ತೆ ಹೇಳುವುದು ‘ಬೋರು’ ಅಂತ ಸುಮ್ನೆ ತೀರ್ಪು ಕೊಟ್ಟಿದ್ದೀರಲ್ಲ, ಅದಕ್ಕೂ ನನ್ನ ತಕರಾರಿದೆ. ಕ್ರಿ.ಪೂ. 47ರಲ್ಲಿ ಜೆಲಾ ಯುದ್ಧ ಗೆದ್ದ ರೋಮನ್ ಸೇನಾನಿ ಸೀಸರ್‌ನ ಲ್ಯಾಟಿನ್ ಮಾತು ‘ವೇನಿ, ವಿದಿ, ವಿಚಿ’ (ಬಂದೆ, ನೋಡಿದೆ, ಗೆದ್ದೆ) ಫ್ರೆಂಚ್‌ನಲ್ಲಿ ‘ಜ ಸ್ಯುಯಿ ವನ್ಯೂ, ಜೆ ವ್ಯೂ, ಜೆ ವ್ಯಾಂಕ್ಯೂ’ ಆಗುತ್ತದೆ. ಮೊದಲನೆಯದಕ್ಕೆ ಎತ್ರ್ (‘ನಾನು’ ಇದ್ದಾಗ ಅದರ ರೂಪ ‘ಸ್ಯುಯಿ’), ಉಳಿದೆರಡಕ್ಕೆ ಆವ್ವಾರ್ (‘ಜೆ’ಯಲ್ಲಿ ‘ನಾನು’ ಜೊತೆ ಅಡಗಿದೆ). ಕೊನೆಯ ‘ಜೆ’ ಬಿಟ್ಟು ‘ಜೆ ವ್ಯೂ ಏ ವ್ಯಾಂಕ್ಯೂ’ ಅಂದರೆ ವ್ಯಾಕರಣ ಕೆಡುವುದಿಲ್ಲ, ಗತ್ತು ಹೋಗುತ್ತದೆ. ‘ಬಂದೆ, ನೋಡಿದೆ, ಗೆದ್ದೆ’ ಬದಲು ‘ಬಂದು ನೋಡಿ ಗೆದ್ದೆ’ ಅಂದರೆ ಹೇಗಿರುತ್ತೆ, ಹಾಗೆ.

ಆ ಭಾಗ ತಿದ್ದಿ ಕಳಿಸಿ, ಹಾಕುತ್ತೇನೆ. ಸೋರ್ತಿ ಎರಡೂ ಗುಂಪಿನಲ್ಲಿ ಓಡಾಡುತ್ತದೆ ಅನ್ನುವುದನ್ನೂ ಸೇರಿಸಿ. ಹೊರಗೆ ಹೋದರೆ ಎತ್ರ್, ಏನನ್ನೋ ಹೊರತೆಗೆದರೆ ಆವ್ವಾರ್. ಕಾಫಿಯ ಉದಾಹರಣೆ ಬೇಡವೆನಿಸಿದರೆ ಇದನ್ನು ಬಳಸಿ: ಎಲ್ ಎ ಸೋರ್ತಿ, ಪ್ಯುಯಿ ಆ ಸೋರ್ತಿ ಸಾ ಕ್ಲೇ ಏ ಫೆರ್ಮೇ ಲಾ ಪೋರ್ತ್. ಹೊರಗೆ ಹೋದಳು, ಆಮೇಲೆ ಕೀ ತೆಗೆದಳು, ಬಾಗಿಲು ಮುಚ್ಚಿದಳು. ಫೆರ್ಮೇಗೆ ಸಹಾಯಕ ಯಾಕಿಲ್ಲ ಅಂತ ಓದುಗರೇ ಹೇಳಲಿ.