ಹೆಡ್‌ಸೆಟ್ ಪೈಲಟ್‌ದು, ಸಾಕೆಟ್ಟು ವಿಮಾನದ್ದು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಸ್ತುವಿನ ಬಗ್ಗೆ. ಪೈಲಟ್‌ಗಳು ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್. ನನಗೆ ಖುಷಿಯಾಯಿತು. ಮೂವತ್ತೊಂದು ವರ್ಷ ವಿಮಾನಗಳ ರೇಡಿಯೊ ರಿಪೇರಿ ಮಾಡಿದವನು ನಾನು. ಮೊದಲು ಹಳೇ ಎಚ್ಎಎಲ್ ಏರ್‌ಪೋರ್ಟಿನಲ್ಲಿ, 2008ರ ಮೇ ತಿಂಗಳಿಂದ ದೇವನಹಳ್ಳಿಯಲ್ಲಿ. ಆ ಹೆಡ್‌ಸೆಟ್‌ಗಳ ಬೆವರು ವಾಸನೆ ಇನ್ನೂ ಮೂಗಿನಲ್ಲಿದೆ.

ಪ್ರಶ್ನೆ: ಮಗನಿಗೆ ವಿಮಾನ ಕಂಪನಿಯೊಂದರಲ್ಲಿ ಕೋ-ಪೈಲಟ್ ಕೆಲಸ ಸಿಕ್ಕಿದೆ. ತರಬೇತಿಗೆ ಮಾಡಿದ ಸಾಲ ಹಾಗೇ ಇದೆ. ಈಗ ಸ್ವಂತ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದು ಕಳೆಯುವ ಹೆಡ್‌ಸೆಟ್ ಬೇಕು, ಲಕ್ಷ ರೂಪಾಯಿ ಆಗುತ್ತದೆ ಅಂತಿದ್ದಾನೆ. ವಿಮಾನದಲ್ಲಿ ಕಂಪನಿಯದ್ದೇ ಇರುವುದಿಲ್ಲವೇ? ಸ್ವಂತದ್ದು ಹಾಕಲು ಕಾನೂನು ಬಿಡುತ್ತದೆಯೇ? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಇರುತ್ತದೆ ಅಮ್ಮಾ. ಪ್ರತಿ ಸೀಟಿಗೂ ಒಂದೊಂದು ಹೆಡ್‌ಸೆಟ್ ಕೊಕ್ಕೆಗೆ ನೇತುಹಾಕಿರುತ್ತಾರೆ. ಆದರೆ ಅದನ್ನು ಬೆಳಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಇನ್ನೊಬ್ಬರು ಹಾಕುತ್ತಾರೆ. ಮೈಕಿನ ತುದಿಗೆ ನಿಂಬೆಕಾಯಿಗಿಂತ ಚಿಕ್ಕದೊಂದು ಸ್ಪಂಜಿನ ಟೋಪಿ ಇರುತ್ತದೆ. ಅದು ತುಟಿಗೆ ತಾಗುವಷ್ಟು ಹತ್ತಿರ ಇರಬೇಕು. ನೂರು ಜನರ ಉಸಿರು, ಎಂಜಲು, ಕಾಫಿ ಎಲ್ಲ ಅದರಲ್ಲೇ. ನಾನು ಬದಲಾಯಿಸಿದ ಕೆಲವು ಸ್ಪಂಜು ಕೈಗೆ ಅಂಟುತ್ತಿದ್ದವು. ನಿಮ್ಮ ಮಗ ಸ್ವಂತದ್ದು ಬೇಕು ಅನ್ನುವುದು ಶೋಕಿಗೆ ಅಂತ ಬೈಯಬೇಡಿ.

ಕಿವಿಯ ವಿಷಯವೂ ಇದೆ. ಪೈಲಟ್‌ನ ಅನ್ನ ಇರುವುದು ಮೆಡಿಕಲ್ ಪರೀಕ್ಷೆಯಲ್ಲಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಲೆಕ್ಕ ಹಾಕಿಟ್ಟಿದೆ: 500, 1000, 2000 ಹರ್ಟ್ಸ್ ಸದ್ದಿನಲ್ಲಿ ಶ್ರವಣ ನಷ್ಟ 35 ಡೆಸಿಬಲ್ ದಾಟಬಾರದು, 3000ದಲ್ಲಿ 50 ದಾಟಬಾರದು. ಕಾಕ್‌ಪಿಟ್‌ನ ಗುಂಯ್‌ಗುಡುವಿಕೆಯಲ್ಲಿ ರೇಡಿಯೊ ಕೇಳಲಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದರೆ ಇಪ್ಪತ್ತು ವರ್ಷದ ಮೇಲೆ ಕಿವಿ ಬಿಲ್ ಕಳಿಸುತ್ತದೆ. ಗುಂಯ್ ಕಡಿಮೆಯಾದರೆ ವಾಲ್ಯೂಮೂ ಕಡಿಮೆ ಸಾಕು. ಆ ಹೆಡ್‌ಸೆಟ್‌ನ ನಿಜವಾದ ಲಾಭ ಅದೇ.

ಇನ್ನು ಕಾನೂನು. ಸ್ವಂತದ್ದು ಹಾಕಬಹುದು ಅಂತಲೋ ಹಾಕಬಾರದು ಅಂತಲೋ ಒಂದು ಸಾಲಿನಲ್ಲಿ ಬರೆದ ನಿಯಮ ಹುಡುಕಬೇಡಿ. ಕಾನೂನು ಬೇರೆ ಬೇರೆ ಕಡೆಯಿಂದ ಬಂದು ಸುತ್ತುವರಿಯುತ್ತದೆ. ಐಕಾವೊದ ಆರನೇ ಅನುಬಂಧ ಹೇಳುವುದು ಇಷ್ಟು: ಒಂದು ಗೊತ್ತಾದ ಎತ್ತರದ ಕೆಳಗೆ, ಅಂದರೆ ಏರುವಾಗ ಇಳಿಯುವಾಗ, ಪೈಲಟ್‌ಗಳು ಬಾಯಿಯ ಮುಂದೆ ಚಾಚಿರುವ ಬೂಮ್ ಮೈಕಿನಲ್ಲೋ ಗಂಟಲಿಗೆ ಕಟ್ಟುವ ಮೈಕಿನಲ್ಲೋ ಮಾತಾಡಬೇಕು. ನಮ್ಮ ದೇಶದ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎ ನಿಯಮದಲ್ಲೂ ಅದೇ ಮಾತಿದೆ. ಅಮೆರಿಕದಲ್ಲಿ ಆ ಎತ್ತರ 18,000 ಅಡಿ. ಅವರದೇ ವಿಮಾನಯಾನ ಇಲಾಖೆ, ಅಂದರೆ ಎಫ್ಎಎ, ಹೆಡ್‌ಸೆಟ್, ಮೈಕುಗಳಿಗೆ ಒಂದು ಕನಿಷ್ಠ ಗುಣಮಟ್ಟ ಬರೆದಿದೆ. ಅದಕ್ಕೆ ಟಿಎಸ್ಒ ಅನ್ನುತ್ತಾರೆ. ಮೊದಲು ಹೆಡ್‌ಸೆಟ್‌ಗೆ ಸಿ57, ಮೈಕಿಗೆ ಸಿ58 ಅಂತ ಬೇರೆ ಬೇರೆ ಇತ್ತು. ಈಗ ಸಿ139. ಹೆಡ್‌ಸೆಟ್‌ನ ವೈರಿನಲ್ಲಿರುವ ಪುಟ್ಟ ಡಬ್ಬಿಯ ಹಿಂದೆಯೋ ಕಿವಿ ಬಟ್ಟಲಿನ ಒಳಗೋ ಆ ನಂಬರ್ ಅಚ್ಚಾಗಿರುತ್ತದೆ.

ಆದರೆ ನಿಮ್ಮ ಮಗನಿಗೆ ಹೌದು ಅಥವಾ ಇಲ್ಲ ಅನ್ನುವುದು ಇದ್ಯಾವುದೂ ಅಲ್ಲ. ಅದು ಅವನ ಕಂಪನಿಯ ನಿಯಮ ಪುಸ್ತಕ, ಆಪರೇಷನ್ಸ್ ಮ್ಯಾನ್ಯುಯಲ್. ವಿಮಾನಕ್ಕೆ ಏನು ಚುಚ್ಚಿದರೂ ಅದಕ್ಕೆ ಜವಾಬು ಹೇಳಬೇಕಾದದ್ದು ಕಂಪನಿ. ಹಾಗಾಗಿ ಕೆಲವು ಕಂಪನಿಗಳು ಮಾಡೆಲ್‌ಗಳ ಪಟ್ಟಿ ಕೊಡುತ್ತವೆ, ಕೆಲವು ಸ್ವಂತದ್ದೇ ಬೇಡ ಅನ್ನುತ್ತವೆ.

ಯಾಕಿಷ್ಟು ಬಿಗಿ ಅನ್ನುವುದಕ್ಕೆ ನನ್ನದೇ ಒಂದು ಕತೆ ಕೇಳಿ. ಒಂದು ರಾತ್ರಿ ಪಾಳಿಯಲ್ಲಿ ವಿಮಾನದ ದೂರು ಪುಸ್ತಕದಲ್ಲಿ, ಅಂದರೆ ಟೆಕ್ ಲಾಗ್‌ನಲ್ಲಿ, ಒಂದು ಸ್ನ್ಯಾಗ್, ಅಂದರೆ ದೋಷ, ಬರೆದಿತ್ತು. ಎಡಗಡೆ ಸೀಟಿನ ರೇಡಿಯೊ ಮಾತು ಸರಿಯಿಲ್ಲ, ಟವರ್‌ನವರು ಮಾತು ಅರ್ಥ ಆಗುತ್ತಿಲ್ಲ ಅನ್ನುತ್ತಿದ್ದಾರೆ ಅಂತ. ಕಂಪನಿ ಹೆಡ್‌ಸೆಟ್ ಹಾಕಿ ಟೆಸ್ಟ್ ಮಾಡಿದೆ. ಗಂಟೆ ಹೊಡೆದ ಹಾಗೆ ಸ್ಪಷ್ಟ. ಸಾಕೆಟ್ ಒರೆಸಿ ಸೈನ್ ಹಾಕಿ ಕಳಿಸಿದೆ. ಎರಡು ದಿನ ಬಿಟ್ಟು ಬೇರೆ ವಿಮಾನ, ಅದೇ ಸ್ನ್ಯಾಗ್. ಆ ಸಲ ಆಡಿಯೊ ಪ್ಯಾನೆಲ್ಲೇ ಬಿಚ್ಚಿ ಬದಲಾಯಿಸಿದೆವು, ವಿಮಾನ ತಡವಾಯಿತು, ಮೇಲಿನವರಿಂದ ಬೈಸಿಕೊಂಡಿದ್ದು ನಾನು. ಮೂರನೇ ಸಲ ಲಾಗ್ ಹಿಂದಕ್ಕೆ ತಿರುಗಿಸಿ ನೋಡಿದರೆ ಮೂರೂ ಸ್ನ್ಯಾಗ್ ಬರೆದವರು ಒಬ್ಬರೇ ಕ್ಯಾಪ್ಟನ್. ಅವರು ಬಂದಾಗ ‘ಸರ್, ನಿಮ್ಮ ಹೆಡ್‌ಸೆಟ್ ತೆಗೀಬೇಡಿ, ಹಾಗೇ ಒಂದು ನಿಮಿಷ ಕೂತ್ಕೊಳ್ಳಿ’ ಅಂದೆ. ಒಳ್ಳೆಯ ದುಬಾರಿ ಹೆಡ್‌ಸೆಟ್. ಅಭ್ಯಾಸ ಅಂತ ಮೈಕನ್ನು ಎಡಗಿವಿಯ ಕಡೆಯಿಂದ ಬಲಕ್ಕೆ ತಿರುಗಿಸಿಕೊಂಡಿದ್ದರು. ಸ್ಪಂಜು ಕಿತ್ತು ನೋಡಿದೆ. ಮೈಕಿನ ಬೆನ್ನು ತುಟಿಯ ಕಡೆ, ಮುಖ ಗಾಜಿನ ಕಡೆ! ಈ ಮೈಕುಗಳಿಗೂ ಸದ್ದು ಕಳೆಯುವ ಗುಣ ಇರುತ್ತದೆ. ಮುಂದಿನಿಂದ ಬಂದದ್ದು ಮಾತು, ಹಿಂದಿನಿಂದ ಬಂದದ್ದು ಗಲಾಟೆ ಅಂತ ಅದರ ಲೆಕ್ಕ. ಪಾಪ, ಅದು ಕ್ಯಾಪ್ಟನ್ ಮಾತನ್ನೇ ಗಲಾಟೆ ಅಂತ ಅಳಿಸುತ್ತಿತ್ತು. ಎರಡು ಬೆರಳಲ್ಲಿ ತಿರುಚಿದೆ, ಸರಿಹೋಯಿತು.

ಹೆಡ್‌ಸೆಟ್ ಅವರದೇ ಇರಬಹುದು. ಸಾಕೆಟ್ಟಿಗೆ ಚುಚ್ಚಿದ ಮೇಲೆ ಅದರ ಕಾಯಿಲೆ ವಿಮಾನದ ಕಾಯಿಲೆ ಆಗುತ್ತದೆ.

ಹಾಗಾಗಿ ತಾಯಿ, ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ಮಗ ಕಂಪನಿಗೆ ಸೇರಲಿ, ಮ್ಯಾನ್ಯುಯಲ್ ಕೈಗೆ ಬರಲಿ. ಯಾವ ವಿಮಾನ ಹಾರಿಸುತ್ತಾನೆ ಅನ್ನುವುದೂ ಗೊತ್ತಾಗಬೇಕು. ಏರ್‌ಬಸ್‌ನಲ್ಲಿ ಐದು ಪಿನ್ನಿನ ಒಂದೇ ಪ್ಲಗ್. ತರಬೇತಿಯ ಸಣ್ಣ ವಿಮಾನಗಳಲ್ಲಿ ಕಿವಿಗೊಂದು ಮೈಕಿಗೊಂದು ಅಂತ ಜೋಡಿ ಪ್ಲಗ್. ತಪ್ಪು ಪ್ಲಗ್‌ದು ತಂದು ಅಡಾಪ್ಟರ್‌ಗೆ ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಳ್ಳೆಯ ಕಂಪನಿಯದ್ದು ಸಾವಿರ ಡಾಲರ್ ಆಸುಪಾಸು ಇರುವುದು ನಿಜ, ಮಗ ಸುಳ್ಳು ಹೇಳಿಲ್ಲ. ಮೊದಲ ಆರು ತಿಂಗಳು ಕಂಪನಿಯದ್ದಕ್ಕೇ ಹೊಸ ಸ್ಪಂಜು ಹಾಕಿಕೊಂಡು ಹಾರಲಿ. ಅದಕ್ಕೆ ಜಾಸ್ತಿ ದುಡ್ಡು ಬೇಕಿಲ್ಲ.

ಪ್ರಶ್ನೆ: ಪ್ರೊಪೆಲರ್ ವಿಮಾನದಲ್ಲಿ ಹೋಗುವಾಗ ಪೈಲಟ್ ಕುತ್ತಿಗೆಯಲ್ಲಿ ಹಾಡು ಕೇಳುವಂಥದ್ದೇ ದಪ್ಪ ಹೆಡ್‌ಫೋನ್ ನೋಡಿದೆ. ನನ್ನ ಮಗಳು ಅಂಥದ್ದು ಹಾಕಿಕೊಂಡರೆ ಮನೆಗೆ ಬೆಂಕಿ ಬಿದ್ದರೂ ಕೇಳಿಸುವುದಿಲ್ಲ. ಪೈಲಟ್‌ಗೆ ಇಂಜಿನ್ ಕೆಟ್ಟರೆ ಗೊತ್ತಾಗುವುದು ಹೇಗೆ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಮಗಳ ಕಿವಿಯಲ್ಲಿ ಇರುವುದು ಹಾಡು ಸ್ವಾಮಿ, ತಪ್ಪು ಅದರದ್ದು. ಆದರೂ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಮೊದಲು ಅದು ಏನು ಮಾಡುತ್ತದೆ ನೋಡೋಣ. ಕಿವಿ ಬಟ್ಟಲಿನೊಳಗೆ ಸಣ್ಣದೊಂದು ಮೈಕ್ ಇರುತ್ತದೆ. ಒಳಗೆ ನುಗ್ಗಿದ ಸದ್ದಿನ ಅಲೆ ಅದಕ್ಕೆ ಕೇಳುತ್ತದೆ. ಅದರ ತದ್ವಿರುದ್ಧ ಅಲೆಯನ್ನು ಆ ಕ್ಷಣವೇ ಸ್ಪೀಕರಿನಿಂದ ಬಿಡುತ್ತದೆ. ಎರಡೂ ಡಿಕ್ಕಿ ಹೊಡೆದು ತಣ್ಣಗಾಗುತ್ತವೆ. ಆದರೆ ಇದು ಚೆನ್ನಾಗಿ ನಡೆಯುವುದು ದಪ್ಪ ಸದ್ದಿಗೆ ಮಾತ್ರ, ಹೆಚ್ಚೆಂದರೆ ಸಾವಿರ ಹರ್ಟ್ಸ್‌ವರೆಗೆ. ನೀವು ಹೋದದ್ದು ಎಟಿಆರ್ 72 ಇರಬಹುದು. ಅದರ ಹೊಸ ಮಾದರಿಗಳ ಪ್ರೊಪೆಲರ್‌ಗೆ ಆರು ಬ್ಲೇಡ್. ಹಾರಾಟದಲ್ಲಿ ನಿಮಿಷಕ್ಕೆ ಸುಮಾರು ಸಾವಿರ ಸುತ್ತು. ಲೆಕ್ಕ ಹಾಕಿ, ಸೆಕೆಂಡಿಗೆ ನೂರು ಏಟು. ನಿಮ್ಮ ಸೀಟಿನ ಕೈ ನಡುಗಿಸುವ ಗುಂಯ್ ಅದೇ, ನೂರು ಹರ್ಟ್ಸ್. ಹೆಡ್‌ಸೆಟ್ ನುಂಗುವುದು ಅದನ್ನು. ಮನುಷ್ಯರ ಮಾತು, ಅಲಾರಂನ ಕಿರುಚು ಹೆಚ್ಚಿನ ಪಾಲು ಅದರ ಮೇಲಿನವು. ಗುಂಯ್ ಹೋದರೆ ಅವು ಎಷ್ಟೋ ಸಲ ಮೊದಲಿಗಿಂತ ಚೆನ್ನಾಗಿ ಕೇಳುತ್ತವೆ. ಇಂಜಿನ್ ಕೆಟ್ಟದ್ದನ್ನು ಹೇಳಲು ಮೀಟರ್‌ಗಳಿವೆ, ಎಚ್ಚರಿಕೆ ದೀಪಗಳಿವೆ.

ಆದರೆ ಕಾಕ್‌ಪಿಟ್‌ನಲ್ಲಿ ಮೀಟರ್ ಹೇಳದ ಸದ್ದುಗಳೂ ಇವೆ. ಸರ್ಕ್ಯೂಟ್ ಬ್ರೇಕರ್ ಟಕ್ ಅಂತ ಹೊರಗೆ ಬರುವುದು. ಬಾಗಿಲ ರಬ್ಬರಿನ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುವುದು. ಬೋಯಿಂಗ್ 737ರಲ್ಲಿ ಇಬ್ಬರ ನಡುವೆ ಇರುವ, ವಿಮಾನದ ಸಮತೋಲ ತಿದ್ದುವ ಟ್ರಿಮ್ ಚಕ್ರ ಕಟಕಟ ತಿರುಗುವುದು. ಬಹಳಷ್ಟು ಎಚ್ಚರಿಕೆಗಳು ಬರುವುದು ಗೋಡೆಯ ಲೌಡ್‌ಸ್ಪೀಕರಿನಿಂದ. ನಿಮ್ಮ ಭಯವೇ ಎಫ್ಎಎಗೂ ಬಂದಿತ್ತು. 2007ರಲ್ಲಿ ವಿಮಾನ ಕಂಪನಿಗಳಿಗೆ ಒಂದು ಸೂಚನೆ ಕಳಿಸಿತು. ಈ ಹೆಡ್‌ಸೆಟ್‌ಗಳು ಅಲಾರಂ, ಯಂತ್ರದ ಅಸಹಜ ಸದ್ದು ಇಂಥವನ್ನು ಮರೆಮಾಡಬಹುದು, ನಿಮ್ಮ ನಿಮ್ಮ ವಿಮಾನದಲ್ಲಿ ಹಾಕಿ ಪರೀಕ್ಷಿಸಿ, ಕೇಳದಿದ್ದರೆ ಬೇರೆ ದಾರಿ ನೋಡಿ ಅಂತ. ಅದು ಸಲಹೆ, ನಿಷೇಧ ಅಲ್ಲ. ನನಗೆ ಅದು ಸರಿಯಾದ ನಿಲುವು ಅನಿಸುತ್ತದೆ. ಒಂದು ವಿಮಾನದಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಸರಿಹೋಗಲೇಬೇಕು ಅಂತಿಲ್ಲ.

ಪೈಲಟ್‌ಗಳು ತಮ್ಮದೇ ಉಪಾಯವನ್ನೂ ಮಾಡಿಕೊಂಡಿದ್ದಾರೆ. ಒಂದು ಕಿವಿಯ ಬಟ್ಟಲು ಹಿಂದಕ್ಕೆ ಸರಿಸಿ ಕೂರುತ್ತಾರೆ, ಪಕ್ಕದವರ ಮಾತು ನೇರವಾಗಿ ಕೇಳಲಿ ಅಂತ. ಲಕ್ಷ ರೂಪಾಯಿ ಹೆಡ್‌ಸೆಟ್ ಅರ್ಧ ಕೆಲಸ ಮಾಡುತ್ತದೆ ಅಷ್ಟೇ!

ಇನ್ನೊಂದು ನಿಯಮ ಇದೆ, ಜನಕ್ಕೆ ಅಷ್ಟು ಗೊತ್ತಿಲ್ಲ. ವಿಮಾನದೊಳಗೆ ಗಾಳಿಯ ಒತ್ತಡ ಹೋದರೆ ಪೈಲಟ್ ಒಂದೇ ಕೈಯಲ್ಲಿ, 5 ಸೆಕೆಂಡಿನೊಳಗೆ ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳುವಂತಿರಬೇಕು. ದಪ್ಪ ಬಟ್ಟಲು, ಅಗಲ ಪಟ್ಟಿಯ ಹೆಡ್‌ಸೆಟ್ ಅದಕ್ಕೆ ಅಡ್ಡ ಬಂದರೆ ಮುಗಿಯಿತು, ಎಷ್ಟು ಒಳ್ಳೆಯದಾದರೂ ಬೇಡ. 2005ರ ಆಗಸ್ಟ್‌ನಲ್ಲಿ ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಕಂಪನಿಯ ವಿಮಾನದಲ್ಲಿ ಒತ್ತಡದ ಹಾರ್ನ್ ಬಾರಿಸಿತ್ತು. ಪೈಲಟ್‌ಗಳಿಗೆ ಕೇಳಿಸಿತ್ತು ಕೂಡ. ಆದರೆ ಆ 737ರಲ್ಲಿ ಟೇಕಾಫ್‌ಗೆ ಸಿದ್ಧವಿಲ್ಲ ಅನ್ನುವುದಕ್ಕೂ ಅದೇ ಹಾರ್ನ್. ಒತ್ತಡದ ಹಾರ್ನನ್ನು ಟೇಕಾಫ್ ಹಾರ್ನ್ ಅಂದುಕೊಂಡರು. 121 ಜನ ಹೋದರು. ಕೇಳಿಸಿದರೂ ಹೀಗಾಗುತ್ತದೆ. ಇನ್ನು ಕೇಳಿಸದೇ ಹೋದರೆ ಹೇಗೆ, ಅಲ್ವಾ?

ಪ್ರಶ್ನೆ: ಅಂಕಲ್, ನಾನು ಜಕ್ಕೂರಿನಲ್ಲಿ ಫ್ಲೈಯಿಂಗ್ ಕಲಿಯುತ್ತಿದ್ದೇನೆ. ನನ್ನ ಹತ್ತಿರ ಒಳ್ಳೆಯ ಬ್ಲೂಟೂತ್ ಮ್ಯೂಸಿಕ್ ಹೆಡ್‌ಫೋನ್ ಇದೆ. ಅದಕ್ಕೆ ಸಿಕ್ಕಿಸುವ ಬೂಮ್ ಮೈಕ್ ಸಿಗುತ್ತದೆ, ಅರ್ಧ ರೇಟಿಗೆ ಕೆಲಸ ಆಗುತ್ತದೆ. ಮುಂದೆ ಏರ್‌ಲೈನ್‌ನಲ್ಲೂ ಅದನ್ನೇ ಹಾಕಬಹುದಾ? (ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಅಂಕಲ್ ಅಂದೆಯಲ್ಲ, ಹಾಗಾದರೆ ಏಕವಚನದಲ್ಲೇ ಹೇಳುತ್ತೇನೆ. ಅದನ್ನು ನಂಬಿ ಕೂರಬೇಡಪ್ಪ. ಈಗ ನಿನ್ನ ಇನ್‌ಸ್ಟ್ರಕ್ಟರ್ ಒಪ್ಪಿದರೆ ಅದು ಅವರಿಗೆ ಬಿಟ್ಟದ್ದು. ಏರ್‌ಲೈನ್‌ನಲ್ಲಿ ಮೊದಲು ಕೇಳುವುದೇ ಟಿಎಸ್ಒ ನಂಬರ್ ಎಲ್ಲಿದೆ ಅಂತ. ಹಾಡು ಕೇಳಲು ಮಾಡಿದ ಡಬ್ಬಿಯ ಮೇಲೆ ಅದು ಇರುವುದಿಲ್ಲ.

ನನ್ನ ಚಿಂತೆ ನಂಬರಿನದ್ದಲ್ಲ, ಬ್ಯಾಟರಿದು. ವಿಮಾನಕ್ಕಂತಲೇ ಮಾಡಿದ ಹೆಡ್‌ಸೆಟ್‌ನಲ್ಲಿ ಎರಡು ಎಎ ಸೆಲ್ ಹಾಕುತ್ತಾರೆ. ಸೆಲ್ ಸತ್ತರೆ ಸದ್ದು ಕಳೆಯುವುದು ನಿಲ್ಲುತ್ತದೆ. ರೇಡಿಯೊ ನಿಲ್ಲುವುದಿಲ್ಲ, ಮಾತು ಹೋಗುತ್ತಲೇ ಇರುತ್ತದೆ. ನಿನ್ನ ಮ್ಯೂಸಿಕ್ ಹೆಡ್‌ಫೋನ್ ಚಾರ್ಜ್ ಮುಗಿದಾಗ ಏನು ಮಾಡುತ್ತದೆ? ಮನೆಯಲ್ಲಿ ಕೂತು ನೋಡು. ಇಳಿಯುವ ಕೊನೇ ಹಂತದಲ್ಲಿ, ಫೈನಲ್ ಅಪ್ರೋಚ್‌ನಲ್ಲಿ ನೋಡಬೇಡ. ಬ್ಲೂಟೂತ್ ಬಗ್ಗೆಯೂ ಮುಂದೆ ಕಂಪನಿಯವರು ಕೇಳುತ್ತಾರೆ. ಡ್ಯೂಟಿಯಲ್ಲಿ ಫೋನಿಗೆ ಜೋಡಿಸಿಕೊಳ್ಳುವ ಆಸೆಯನ್ನು ಈಗಲೇ ಬಿಟ್ಟುಬಿಡು.

ಮೈಕಿನ ವಿಷಯ ಇನ್ನೂ ದೊಡ್ಡದು. ಅದರಲ್ಲಿ ಆಡಿದ ಮಾತು ಟವರ್‌ಗೆ ಮಾತ್ರ ಹೋಗುವುದಲ್ಲ, ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್‌ಗೂ ಹೋಗುತ್ತದೆ. ಬೂಮ್ ಮೈಕ್ ಹಾಕಲೇಬೇಕು ಅನ್ನುವ ನಿಯಮದ ಹಿಂದೆ ಅದೂ ಇದೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಸತ್ತದ್ದು ನೆನಪಿದೆಯಾ? ನೀನು ಆಗ ಚಿಕ್ಕ ಮಗು. ಆ ರೆಕಾರ್ಡರ್‌ನಲ್ಲಿದ್ದ ಎರಡು ಗಂಟೆಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ಮಾತೇ ಇರಲಿಲ್ಲ. ನಡುನಡುವೆ ಕ್ಯಾಪ್ಟನ್ ಗೊರಕೆ ಇತ್ತು. ಅವರು ನಿದ್ದೆ ಹೋಗಿದ್ದರು ಅಂತ ವಿಚಾರಣೆಯವರಿಗೆ ಗೊತ್ತಾದದ್ದು ಆ ಸದ್ದಿನಿಂದ. ಇಷ್ಟು ಸೂಕ್ಷ್ಮ ಕೆಲಸದ ತಂತಿಗೆ ನೀನು ಏನು ಸಿಕ್ಕಿಸುತ್ತೀಯ ಅಂತ ಯೋಚಿಸು.

ಅಂದಹಾಗೆ ಮೈಕ್ ತುಟಿಯಿಂದ ಆರು ಮಿಲಿಮೀಟರ್ ದೂರದಲ್ಲಿರಬೇಕು, ಬೆರಳಗಲವೂ ಅಲ್ಲ. ಜಕ್ಕೂರಿನ ಹುಡುಗರು ಗದ್ದದ ಕೆಳಗೆ ಇಟ್ಟುಕೊಂಡು ಕೂಗುವುದನ್ನು ನಾನೇ ನೋಡಿದ್ದೇನೆ. ದುಡ್ಡು ಕಡಿಮೆ ಇದ್ದರೆ ಬ್ಯಾಟರಿಯೇ ಬೇಡದ, ಬರೀ ದಪ್ಪ ಬಟ್ಟಲಿನ ಸಾದಾ ಏವಿಯೇಷನ್ ಹೆಡ್‌ಸೆಟ್ ಸೆಕೆಂಡ್ ಹ್ಯಾಂಡ್ ತಗೋ. ತಲೆ ಸ್ವಲ್ಪ ಹಿಂಡುತ್ತದೆ. ಆದರೆ ಕಿವಿ ಮೆತ್ತೆ ಬದಲಾಯಿಸಿದರೆ ಎಷ್ಟೋ ವರ್ಷ ಬರುತ್ತದೆ.

ಪ್ರಶ್ನೆ: ನನಗೆ ಎಪ್ಪತ್ತಮೂರು. ಎರಡೂ ಕಿವಿಗೆ ಯಂತ್ರ ಹಾಕಿದ್ದೇನೆ. ವಿಮಾನದಲ್ಲಿ ಎಲ್ಲ ಎಲೆಕ್ಟ್ರಾನಿಕ್ ಆಫ್ ಮಾಡಿ ಅನ್ನುತ್ತಾರೆ. ಇದನ್ನೂ ತೆಗೆಯಬೇಕೇ? (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಬೇಡ ಮೇಡಂ. ನಮ್ಮ 1937ರ ವಿಮಾನ ನಿಯಮಗಳಲ್ಲೇ ಕಿವಿ ಯಂತ್ರಕ್ಕೂ ಹೃದಯದ ಪೇಸ್‌ಮೇಕರ್‌ಗೂ ವಿನಾಯಿತಿ ಇದೆ. ಹಾಕಿಕೊಂಡೇ ಕೂತು ಗಗನಸಖಿ ಹೇಳುವುದನ್ನೆಲ್ಲ ಕೇಳಿಸಿಕೊಳ್ಳಿ. ಇಳಿಯುವಾಗ ಕಿವಿ ಕಟ್ಟಿಕೊಂಡು ಯಂತ್ರ ಸಿಳ್ಳೆ ಹಾಕಿದರೆ ಹೆದರಬೇಡಿ, ಎರಡು ಸಲ ಉಗುಳು ನುಂಗಿ. ಸೆಲ್‌ಗಳ ಒಂದು ಹೊಸ ಪ್ಯಾಕೆಟ್ ಕೈಚೀಲದಲ್ಲಿರಲಿ, ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ.