ಅಪ್ಪನಿಗೆ ಹೇಳದೆ ಮಲೇಷಿಯಾಕ್ಕೆ ಹೋಗಿಬರಲಾ?

ಪ್ರಶ್ನೆ: ನನಗೆ 36 ವರ್ಷ, ವಿಜಯನಗರದಲ್ಲಿದ್ದೇವೆ. ಚಾಮರಾಜಪೇಟೆಯ ಹಳೇ ಮನೆ ಮಾರಬೇಕು ಅಂತ ಖಾಲಿ ಮಾಡುವಾಗ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು. ನಮ್ಮ ತಾತ, ಪಕ್ಕದಲ್ಲಿ ಯಾರೋ ಹೆಂಗಸು, ಮುಂದೆ ಮೂರ್ನಾಲ್ಕು ವರ್ಷದ ಹುಡುಗಿ. ರಟ್ಟಿನ ಮೂಲೆಯಲ್ಲಿ ‘ತೆಲುಕ್ ಆನ್ಸನ್’ ಅಂತ ಅಚ್ಚೊತ್ತಿದೆ. ಮ್ಯಾಪಿನಲ್ಲಿ ಹುಡುಕಿದರೆ ಆ ಊರೇ ಇಲ್ಲ. ತಾತ 1936ರಿಂದ 46ರವರೆಗೆ ಮಲಯದ (ಈಗಿನ ಮಲೇಷಿಯಾ) ರಬ್ಬರ್ ಎಸ್ಟೇಟ್ ಆಸ್ಪತ್ರೆಯಲ್ಲಿ ಡ್ರೆಸ್ಸರ್, ಅಂದರೆ ಗಾಯಕ್ಕೆ ಮದ್ದು ಹಾಕಿ ಪಟ್ಟಿ ಕಟ್ಟುವ ಸಹಾಯಕ ಆಗಿದ್ದರು. ಕೊನೆಯ ನಾಲ್ಕು ವರ್ಷ ಒಂದು ಕಾಗದವನ್ನೂ ಹಾಕಲಿಲ್ಲ ಅಂತ ಅಜ್ಜಿ ಸಾಯುವ ತನಕ ಹೇಳುತ್ತಿದ್ದರು. ಅಪ್ಪನಿಗೆ 77. ಫೋಟೋ ನೋಡಿ ‘ಸತ್ತವರ ವಿಷಯ ಕೆದಕಬೇಡ’ ಅಂದುಬಿಟ್ಟರು. ಅಲ್ಲಿಯವರು ಬಂದು ಮನೆಯಲ್ಲಿ ಪಾಲು ಕೇಳಿದರೆ ಅಂತ ಅಣ್ಣನಿಗೆ ಭಯ. ಸೋದರತ್ತೆಗೆ 91, ನೆನಪು ಚೆನ್ನಾಗಿದೆ, ಮಧ್ಯಾಹ್ನದ ಮೇಲೆ ಸುಸ್ತಾಗುತ್ತಾರೆ ಅಷ್ಟೆ. ಆಫೀಸ್ ಟ್ರಿಪ್ ಅಂತ ಹೇಳಿ ಡಿಸೆಂಬರಿನಲ್ಲಿ ಹೋಗಿಬರಲಾ?

ಉತ್ತರ: ಹೋಗಿ, ಆದರೆ ಆಫೀಸ್ ಟ್ರಿಪ್ ಅಂತ ಮಾತ್ರ ಹೇಳಬೇಡಿ. ಅಲ್ಲಿ ಏನಾದರೂ ಸಿಕ್ಕಿತು ಅಂದುಕೊಳ್ಳಿ, ಆಗ ಮನೆಯಲ್ಲಿ ಗುಟ್ಟು ಎರಡಾಗುತ್ತೆ, ತಾತನದೊಂದು, ನಿಮ್ಮದೊಂದು. ಅಪ್ಪನಿಗೆ ಹೇಳಿ ಹೋಗುವುದು ಬೇರೆ, ಅಪ್ಪಣೆ ಕೇಳಿ ಹೋಗುವುದು ಬೇರೆ. ನೀವು ಹೇಳಿ ಹೋಗಿ. ‘ನಾನು ಹೋಗ್ತಿದ್ದೀನಿ ಅಪ್ಪ, ಏನು ಸಿಕ್ಕರೂ ನೀವಾಗಿ ಕೇಳುವ ತನಕ ಬಾಯಿ ಬಿಡಲ್ಲ’ ಅನ್ನಿ. ತನಗೆ ತಿಳಿಯೋದು ಬೇಡ ಅನ್ನುವ ಹಕ್ಕು ಅವರಿಗಿದೆ. ನಿಮ್ಮನ್ನು ತಡೆಯುವ ಹಕ್ಕು ಇದೆ ಅಂತ ನನಗನ್ನಿಸುವುದಿಲ್ಲ. ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ, ಇರಲಿ ಬಿಡಿ.

ಇನ್ನು ಆ ನಾಲ್ಕು ವರ್ಷದ ಕಾಗದದ ವಿಷಯ. ಇದನ್ನು ನೀವು ಇವತ್ತೇ ಮನೆಯಲ್ಲಿ ಹೇಳಬಹುದು, ಅದಕ್ಕೆ ವಿಮಾನ ಹತ್ತಬೇಕಿಲ್ಲ. 1941ರ ಡಿಸೆಂಬರಿನಲ್ಲಿ ಜಪಾನಿನ ಸೈನ್ಯ ಮಲಯದೊಳಗೆ ನುಗ್ಗಿತು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರವೂ ಬಿತ್ತು. ಅಲ್ಲಿಂದ 1945ರಲ್ಲಿ ಜಪಾನ್ ಶರಣಾಗುವ ತನಕ ಆ ದೇಶ ಬ್ರಿಟಿಷರ ಶತ್ರುವಿನ ಕೈಯಲ್ಲಿತ್ತು, ನಮ್ಮೂರಿಗೆ ಮಾಮೂಲಿ ಟಪಾಲೇ ಇರಲಿಲ್ಲ. ನಿಮ್ಮ ತಾತ ಅಂತಲ್ಲ, ಅಲ್ಲಿದ್ದ ಯಾರ ಕಾಗದವೂ ಊರು ಮುಟ್ಟುತ್ತಿರಲಿಲ್ಲ. ಅದೇ ಸಮಯದಲ್ಲಿ ಎಸ್ಟೇಟುಗಳಿಂದ ಸಾವಿರಾರು ಜನ ಕೂಲಿಗಳನ್ನು ಸಯಾಂನಿಂದ (ಈಗಿನ ಥಾಯ್ಲೆಂಡ್) ಬರ್ಮಾಕ್ಕೆ ಹಾಕುತ್ತಿದ್ದ 415 ಕಿಲೋಮೀಟರಿನ ರೈಲು ಹಾದಿಯ ಕೆಲಸಕ್ಕೆ ಸಾಗಿಸಿದರು, ಕಾಲರಾ, ಮಲೇರಿಯಾ, ಹಸಿವು ಅಂತ ಬಹಳ ಜನ ವಾಪಸ್ ಬರಲೇ ಇಲ್ಲ. ಎಷ್ಟೋ ಹೆಂಗಸರು ಮಕ್ಕಳು ಎಸ್ಟೇಟಿನ ಲೈನು ಮನೆಗಳಲ್ಲೇ ಉಳಿದರು. ಹಾಗಾಗಿ ಫೋಟೋದಲ್ಲಿರುವಾಕೆ ತಾತನ ಎರಡನೇ ಹೆಂಡತಿಯೇ ಇರಬಹುದು, ಸತ್ತ ಸ್ನೇಹಿತನ ಹೆಂಡತಿ ಇರಬಹುದು, ಹಬ್ಬದ ದಿನ ಜೊತೆಗೆ ಸ್ಟುಡಿಯೋಕ್ಕೆ ಹೋದ ಪಕ್ಕದ ಮನೆಯವರೂ ಇರಬಹುದು. ಒಂದು ಫೋಟೋ ನೋಡಿ ಸಂಸಾರ ಕಟ್ಟಿಬಿಡಬೇಡಿ.

ಊರು ಸಿಗದೇ ಇರುವುದಕ್ಕೆ ಕಾರಣ ಸರಳ. ತೆಲುಕ್ ಆನ್ಸನ್ ಈಗ ತೆಲುಕ್ ಇಂತಾನ್, 1982ರಲ್ಲಿ ಹೆಸರು ಬದಲಾಯಿತು. ಪೆರಾಕ್ ರಾಜ್ಯದಲ್ಲಿದೆ, ಕೌಲಾಲಂಪುರದಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಆದರೆ ಊರಿನ ಹೆಸರಷ್ಟೇ ಸಾಲದು, ಎಸ್ಟೇಟಿನ ಹೆಸರು ಬೇಕು. ಅದು ಸಿಗುವ ಜಾಗ ಚಾಮರಾಜಪೇಟೆಯ ಅದೇ ಟ್ರಂಕು. ಹಳೇ ಕವರ್ ಇದ್ದರೆ ಅಂಚೆ ಮುದ್ರೆ ನೋಡಿ, ಮನಿಯಾರ್ಡರ್ ರಸೀದಿ ನೋಡಿ, ಕೆಲಸದ ಸರ್ಟಿಫಿಕೇಟ್ ಇದೆಯಾ ನೋಡಿ. ಮನೆ ಕೊಳ್ಳುವವರು ಅವಸರ ಮಾಡುತ್ತಿದ್ದಾರೆ ಅಂತ ಕಾಗದಗಳನ್ನು ರದ್ದಿಯವನಿಗೆ ಕೊಟ್ಟೀರಿ ಜೋಕೆ.

ಎಸ್ಟೇಟಿನ ಹೆಸರು ಸಿಕ್ಕಿದರೂ ರಬ್ಬರ್ ಮರ ಸಿಗುತ್ತೆ ಅಂದುಕೊಳ್ಳಬೇಡಿ. 1960ರ ನಂತರ ಬಹಳ ಕಡೆ ರಬ್ಬರ್ ಕಿತ್ತು ತಾಳೆ ಎಣ್ಣೆಯ ಗಿಡ ಹಾಕಿದರು, ಅಲ್ಲಿ ಕೆಲಸಕ್ಕಿದ್ದ ಹಳೇ ತಮಿಳು ಕುಟುಂಬಗಳು ಪೇಟೆಗಳಿಗೆ ಹೋದವು. ಈಗ ತೋಟದಲ್ಲಿ ಕೇಳಿದರೆ ಇಂಡೋನೇಷಿಯಾದಿಂದಲೋ ಬಾಂಗ್ಲಾದೇಶದಿಂದಲೋ ಬಂದ ಕೆಲಸಗಾರ ಪಾಪ ಏನು ಹೇಳಿಯಾನು? ಎಸ್ಟೇಟಿನ ತಮಿಳು ಶಾಲೆ ಹುಡುಕಿ. ತೋಟ ಹೋದರೂ, ಶಾಲೆ ಬೇರೆ ಕಡೆಗೆ ಸ್ಥಳಾಂತರವಾದರೂ, ಎಷ್ಟೋ ಶಾಲೆಗಳು ‘ಲಾಡಾಂಗ್’ (ಮಲಯ್ ಭಾಷೆಯಲ್ಲಿ ಎಸ್ಟೇಟ್) ಅಂತ ಸೇರಿಸಿ ಹಳೇ ಎಸ್ಟೇಟಿನ ಹೆಸರನ್ನೇ ಇಟ್ಟುಕೊಂಡಿವೆ. ಆಮೇಲೆ ಅಲ್ಲಿನ ಮಾರಿಯಮ್ಮನ ಗುಡಿ. ಬೆಂಗಳೂರಲ್ಲಿ ಬೆಳೆದವರು ನೀವು, ವಿಚಾರಿಸುವಷ್ಟು ತಮಿಳು ಬಂದೇ ಬರುತ್ತೆ, ಅಲ್ವಾ?

ಒಂದು ಅನುಕೂಲ ಇದೆ. ಮಲೇಷಿಯಾದ ನಮ್ಮವರ ಹೆಸರಿನ ಜೊತೆ ಅಪ್ಪನ ಹೆಸರೂ ಇರುತ್ತೆ, ಮಗನಾದರೆ ನಡುವೆ ಎ/ಎಲ್, ಮಗಳಾದರೆ ಎ/ಪಿ. ಆ ಹುಡುಗಿ ತಾತನ ಮಗಳೇ ಆಗಿದ್ದರೆ ಅವಳ ಗುರುತಿನ ಚೀಟಿಯಲ್ಲಿ ಎ/ಪಿ ಆದಮೇಲೆ ತಾತನ ಹೆಸರೇ ಇರಬಹುದು. ಕಾಗುಣಿತ ಮಾತ್ರ ನಂಬಬೇಡಿ, ಅಲ್ಲಿನ ಗುಮಾಸ್ತರು ವೆಂಕಟಪ್ಪನನ್ನು ವೆಂಗಡಪ್ಪ ಅಂತ ಬರೆದಿದ್ದರೂ ಬರೆದಿರಬಹುದು. ನಾಲ್ಕೈದು ಥರ ಬರೆದಿಟ್ಟುಕೊಂಡು ಮನೆಯಲ್ಲೇ ಕೂತು ಹುಡುಕಿ. ಸಿಂಗಾಪುರದ ರಾಷ್ಟ್ರೀಯ ಗ್ರಂಥಾಲಯದವರು ಸ್ಟ್ರೇಟ್ಸ್ ಟೈಮ್ಸ್, ಮಲಯ ಟ್ರಿಬ್ಯೂನಿನಂಥ ಹಳೇ ಪತ್ರಿಕೆಗಳನ್ನು ‘ನ್ಯೂಸ್‌ಪೇಪರ್ ಎಸ್‌ಜಿ’ ತಾಣದಲ್ಲಿ ಹಾಕಿದ್ದಾರೆ. ದುಡ್ಡಿಲ್ಲದೆ ನೋಡಬಹುದು.

ವೀಸಾ ತಲೆನೋವಿಲ್ಲ, ಸದ್ಯಕ್ಕೆ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. ಆ ರಿಯಾಯಿತಿಯನ್ನು ಅವಧಿ ಇಟ್ಟು ಮುಂದುವರಿಸುತ್ತಾ ಬಂದಿದ್ದಾರೆ, ಟಿಕೆಟ್ ಮಾಡುವ ದಿನ ಒಮ್ಮೆ ನೋಡಿಕೊಳ್ಳಿ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಫೋಟೋದ ಕಾಪಿ ಒಯ್ಯಿರಿ, ಅಸಲು ಬೇಡ.

ಆ ಕುಟುಂಬ ಪತ್ತೆಯಾದರೆ ನೀವೇ ಹೋಗಿ ಬಾಗಿಲು ತಟ್ಟಬೇಡಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಆ ಹುಡುಗಿ ಬದುಕಿದ್ದರೆ ಈಗ ಎಂಬತ್ತು ದಾಟಿದ ಮುದುಕಿ. ಅಪ್ಪ ಯುದ್ಧದಲ್ಲಿ ಸತ್ತ ಅಂತ ಮಕ್ಕಳಿಗೆ ಹೇಳಿ ಬೆಳೆಸಿದ್ದರೆ? ನೀವು ಬೆಂಗಳೂರಿಂದ ಬಂದು, ಇಲ್ಲ, ಅವರು ಚಾಮರಾಜಪೇಟೆಯಲ್ಲಿ ಮನೆ ಕಟ್ಟಿಸಿಕೊಂಡು ಚೆನ್ನಾಗಿದ್ದರು ಅಂತ ಹೇಳಿದ ಹಾಗಾಗುತ್ತೆ. ಗುಡಿಯವರ ಕೈಲೋ ಶಾಲೆಯ ಹೆಡ್‌ಮಾಸ್ಟರ ಕೈಲೋ ಒಂದು ಚೀಟಿ, ನಿಮ್ಮ ಫೋನ್ ನಂಬರು ಕೊಟ್ಟು ಲಾಡ್ಜಿಗೆ ವಾಪಸ್ ಬನ್ನಿ. ಕರೆದರೆ ಹೋಗಿ, ಕರೆಯದಿದ್ದರೆ ಸುಮ್ನೆ ಬಂದುಬಿಡಿ. ವಿಡಿಯೋ ಗಿಡಿಯೋ ಮಾಡಲು ಹೋಗಬೇಡಿ.

ನಿಮ್ಮಣ್ಣನ ಭಯಕ್ಕೆ ನನಗೆ ಸ್ವಲ್ಪ ನಗು ಬಂತು, ನಿಜ ಹೇಳಬೇಕಂದ್ರೆ. ಆದರೂ ಮನೆ ಮಾರುತ್ತಿರುವ ಹೊತ್ತು, ಕ್ರಯಪತ್ರ ಆಗುವ ಮುಂಚೆ ಒಬ್ಬ ವಕೀಲರನ್ನು ಅವರೇ ಕೇಳಿಕೊಳ್ಳಲಿ. ಅದು ಅವರ ಕೆಲಸ, ಅದಕ್ಕಾಗಿ ನಿಮ್ಮ ಪ್ರಯಾಣ ನಿಲ್ಲಬೇಕಿಲ್ಲ.

ಡಿಸೆಂಬರೇ ಆಗಬೇಕು ಅಂತೇನಿಲ್ಲ, ತೆಲುಕ್ ಇಂತಾನ್ ಎಲ್ಲೂ ಓಡಿಹೋಗಲ್ಲ. ಅತ್ತೆಗೆ 91, ಅವಸರ ಇರುವುದು ಅಲ್ಲಿ. ಹೋದ ತಕ್ಷಣ ಫೋಟೋ ಮುಂದಿಟ್ಟು ‘ಇವರು ಯಾರು’ ಅನ್ನಬೇಡಿ. ತಾತ ವಾಪಸ್ ಬಂದ ದಿನ ಹೇಗಿದ್ದರು, ಪೆಟ್ಟಿಗೆಯಲ್ಲಿ ಏನು ತಂದರು, ಜೊತೆಗೆ ಊರಿನವರು ಯಾರು ಹೋಗಿದ್ದರು, ಇಂಥವು ಕೇಳಿ. ಆಗ ಅವರಿಗೆ ಹನ್ನೊಂದು ಹನ್ನೆರಡು ವರ್ಷ, ನೆನಪಿರುತ್ತೆ. ಮದ್ರಾಸಿನಿಂದ ಪೆನಾಂಗಿಗೆ 1926ರಿಂದ ‘ರಜುಲಾ’ ಅಂತ ಹಡಗು ಓಡುತ್ತಿತ್ತು, ಆ ಹೆಸರು ಕಿವಿಗೆ ಬಿದ್ದಿದೆಯಾ ಕೇಳಿ ನೋಡಿ. ಮಧ್ಯಾಹ್ನ ಸುಸ್ತಾಗುತ್ತಾರೆ ಅಂತ ಬರೆದಿದ್ದೀರಿ, ತಿಂಡಿ ಆದಮೇಲೆ ಬೆಳಗ್ಗೆಯೇ ಹೋಗಿ. ಒಪ್ಪಿದರೆ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.